ಎತ್ತರ ನೋಡುವ ಮುನ್ನ ರಸ್ತೆ ಅಳೆಯಿರಿ

ಓದುಗರ ಪತ್ರ

ವರ್ತೂರಿನ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ತಾರಸಿ ಮೇಲೆ ನಿಂತರೆ ಕೆರೆ ಕಾಣುತ್ತಿತ್ತು. ಈಗ ಮೂರು ದಿಕ್ಕಿಗೂ 25–30 ಮಹಡಿಯ ಟವರ್‌ಗಳು. ಇಂದಿರಾನಗರದಲ್ಲಿ ಇಲ್ಲದ ಎತ್ತರ ನಮ್ಮೂರಿಗೆ ಹೇಗೆ ಬಂತು? ಇಷ್ಟು ಜನಕ್ಕೆ ನೀರು ಎಲ್ಲಿಂದ? ಮಗಳು ಇಂಥದೇ ಒಂದರಲ್ಲಿ 24ನೇ ಮಹಡಿಯ ಫ್ಲ್ಯಾಟ್ ನೋಡಿಬಂದಿದ್ದಾಳೆ, ಲೇಕ್ ವ್ಯೂ ಅಂತೆ. ಅಡ್ವಾನ್ಸ್ ಕೊಡುವ ಮುನ್ನ ಏನೇನು ನೋಡಬೇಕು, ಬಿಡಿಸಿ ಹೇಳಿ.”

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿದೆ. ಓಡುದಾರಿಯಿಂದ 4 ಕಿಲೋಮೀಟರ್ ಒಳಗಿನ ಕಟ್ಟಡಗಳು ಸಾಮಾನ್ಯವಾಗಿ ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್ ಮೇಲಕ್ಕೆ ಹೋಗುವಂತಿಲ್ಲ. ಇಂದಿರಾನಗರದ ಬಹುಭಾಗ ಈ ವೃತ್ತದೊಳಗಿದೆ. ಅಲ್ಲಿಂದ ಮುಂದಿನ 2 ಕಿಲೋಮೀಟರ್‌ನಲ್ಲಿ ಮಿತಿ ಇಳಿಜಾರಿನಂತೆ ಏರುತ್ತ ಹೋಗುತ್ತದೆ. ಅದರಾಚೆ, 15 ಕಿಲೋಮೀಟರ್ ತನಕ, ಮಿತಿ 150 ಮೀಟರ್. ವರ್ತೂರು, ವೈಟ್‌ಫೀಲ್ಡ್ ಬರುವುದು ಈ ಹೊರ ಉಂಗುರದಲ್ಲಿ. ಓಡುದಾರಿ ಪೂರ್ವ–ಪಶ್ಚಿಮವಾಗಿರುವುದರಿಂದ ವಿಮಾನ ಇಳಿಯುವ ನೇರದಲ್ಲಿ ಮಿತಿ ಇನ್ನೂ ಬಿಗಿ.

ಇಲ್ಲೊಂದು ಸೂಕ್ಷ್ಮವಿದೆ. ವಿಮಾನ ನಿಲ್ದಾಣ ಪ್ರಾಧಿಕಾರ ಅನುಮತಿ ಕೊಡುವುದು ಕಟ್ಟಡ ನೆಲದಿಂದ ಎಷ್ಟು ಎತ್ತರ ಎಂಬುದಕ್ಕಲ್ಲ, ಅದರ ನೆತ್ತಿ ಸಮುದ್ರ ಮಟ್ಟದಿಂದ ಎಷ್ಟು ಮೇಲಿರಬಹುದು ಎಂಬುದಕ್ಕೆ. ನೆತ್ತಿ ಎಂದರೆ ಮೇಲಿನ ಮಹಡಿ ಮಾತ್ರವಲ್ಲ. ಲಿಫ್ಟ್ ರೂಮು, ನೀರಿನ ಟ್ಯಾಂಕು, ಮಿಂಚುನಿರೋಧಕ ಸಲಾಕೆ ಎಲ್ಲವೂ ಸೇರಿ. ಹಾಗಾಗಿ ದಿಣ್ಣೆಯ ಮೇಲಿನ ಸೈಟಿಗಿಂತ ಕೆರೆಯ ತಗ್ಗಿನ ಸೈಟಿನಲ್ಲಿ ನಾಲ್ಕಾರು ಮಹಡಿ ಹೆಚ್ಚು ಸಿಗಬಹುದು. ಅತಿ ಎತ್ತರದ ಕಟ್ಟಡಕ್ಕೆ ಅವಕಾಶ ಹೆಚ್ಚಿರುವುದು ಅತಿ ತೇವದ ನೆಲದಲ್ಲಿ. ಇದು ಮುಂದೆ ನೆಲಮಾಳಿಗೆಯ ಮಾತಿಗೆ ಬೇಕಾಗುತ್ತದೆ, ನೆನಪಿಡಿ.

ಉತ್ತರದ ಇನ್ನರ್ಧ ಜಮೀನಿನ ಅಳತೆಯಲ್ಲಿದೆ. ಇಂದಿರಾನಗರ ಮೊದಲೇ ಸೈಟುಗಳಾಗಿ ಹಂಚಿಹೋಗಿತ್ತು. ನಿಮ್ಮ ಕಡೆ ಹೊಲಗಳು ಎಕರೆಗಟ್ಟಲೆ ಒಂದೇ ಕೈಗೆ ಬಂದವು. ಕಟ್ಟಬಹುದಾದ ಒಟ್ಟು ಜಾಗವನ್ನು ನಿರ್ಧರಿಸುವುದು ಎಫ್‌ಎಆರ್, ಅಂದರೆ ನೆಲದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಎಂಬ ಲೆಕ್ಕ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ವಸತಿಗೆ ಇದು 1.75ರಿಂದ 3.25ರ ತನಕ, ಸೈಟಿನ ಅಳತೆ ಮತ್ತು ಎದುರಿನ ರಸ್ತೆಯ ಅಗಲ ನೋಡಿಕೊಂಡು ಏರುತ್ತದೆ.

5 ಎಕರೆ ಜಾಗ, ಎಫ್‌ಎಆರ್ 3 ಎಂದಿಟ್ಟುಕೊಳ್ಳಿ. ನೆಲ ಸುಮಾರು 20,200 ಚದರ ಮೀಟರ್, ಕಟ್ಟಬಹುದಾದ್ದು 60,600. ಐದು ಮಹಡಿಯಲ್ಲಿ ಮುಗಿಸಿದರೆ ನೆಲದ ಶೇ 60 ಭಾಗ ಕಟ್ಟಡಕ್ಕೇ ಹೋಗುತ್ತದೆ. 25 ಮಹಡಿ ಏರಿಸಿದರೆ ಶೇ 12 ಸಾಕು. ಫ್ಲ್ಯಾಟ್‌ಗಳ ಸಂಖ್ಯೆ ಎರಡರಲ್ಲೂ ಸರಿಸುಮಾರು ಒಂದೇ, 480ರ ಆಸುಪಾಸು. ಅಂದರೆ ನಿಮ್ಮೂರಿನ ಜನಸಂದಣಿಗೆ ಎತ್ತರ ಕಾರಣವಲ್ಲ, ಎಫ್‌ಎಆರ್ ಕಾರಣ. ಎತ್ತರ ಅದರ ಆಕಾರವಷ್ಟೇ.

ಹಾಗಿದ್ದರೆ 12 ಮಹಡಿಗೆ ನಿಲ್ಲಿಸದೆ 30ಕ್ಕೆ ಏಕೆ ಏರಿಸುತ್ತಾರೆ? ಅದೇ ಮಹಾಯೋಜನೆಯ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಪಟ್ಟಿ ನೋಡಿ. ಎತ್ತರ 15 ಮೀಟರ್ ಇದ್ದಾಗ ಸುತ್ತ 5 ಮೀಟರ್ ಬಿಡಬೇಕು. 30 ಮೀಟರ್‌ಗೆ 10. 50 ದಾಟಿದರೆ 16. ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. 52 ಮೀಟರ್ ಕಟ್ಟಿದರೂ 100 ಮೀಟರ್ ಕಟ್ಟಿದರೂ ಬಿಡಬೇಕಾದ್ದು ಅದೇ 16 ಮೀಟರ್. ಹದಿನಾರು ಮಹಡಿ ದಾಟಿದ ಬಿಲ್ಡರ್‌ಗೆ ಸೆಟ್‌ಬ್ಯಾಕ್ ಕಡೆಯಿಂದ ಬೇರೆ ತಡೆ ಇಲ್ಲ. ದೊಡ್ಡ ಜಮೀನುಗಳಲ್ಲಿ ಹತ್ತು–ಹನ್ನೆರಡು ಮಹಡಿಗೆ ನಿಲ್ಲಿಸದೆ ಮೇಲೇರಿಸಲು ಇದೊಂದು ಕಾರಣ.

ಈ ಲೆಕ್ಕದ ದುರ್ಬಲ ಕೊಂಡಿ ರಸ್ತೆ. ಸೈಟಿನ ಎದುರು ಬಿಲ್ಡರ್ ತನ್ನದೇ ಜಾಗ ಬಿಟ್ಟುಕೊಟ್ಟು ರಸ್ತೆ ಅಗಲ ಕಾಣುತ್ತದೆ. ಇನ್ನೂರು ಮೀಟರ್ ಮುಂದೆ ಹೋದರೆ ಅದೇ ರಸ್ತೆ ಎತ್ತಿನಗಾಡಿ ಕಾಲದ 6 ಮೀಟರ್ ಬೀದಿ. ನೀವು ಟೇಪು ಹಿಡಿದು ಮುಖ್ಯರಸ್ತೆಯಿಂದ ಗೇಟಿನ ತನಕ ನಡೆಯಿರಿ, ಅತಿ ಕಿರಿದಾದ ಜಾಗ ಅಳೆಯಿರಿ. 480 ಮನೆಯ ಕಾರು, ಶಾಲೆ ಬಸ್ಸು, ಟ್ಯಾಂಕರ್, ಅಗ್ನಿಶಾಮಕ ವಾಹನ ಎಲ್ಲವೂ ಹಾಯಬೇಕಾದ್ದು ಆ ಕೊರಳಿನಲ್ಲೇ.

ಈಗ ನೀರು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ವಿನ್ಯಾಸದ ಲೆಕ್ಕ. 480 ಮನೆ, ಮನೆಗೆ ನಾಲ್ವರು ಅಂದರೆ ದಿನಕ್ಕೆ 2,59,200 ಲೀಟರ್. 12,000 ಲೀಟರ್ ಟ್ಯಾಂಕರಿನಲ್ಲಿ ತಂದರೆ 22 ಲೋಡು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿದೆ, ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಪೈಪು ಬೀದಿಗೆ ಬಂದಿರುವುದು ಬೇರೆ, ನಿಮ್ಮ ಸಂಪಿಗೆ ಸಂಪರ್ಕ ಸಿಕ್ಕಿರುವುದು ಬೇರೆ. ‘ಕಾವೇರಿ ಬರುತ್ತದೆ’ ಎಂದರೆ ಸಾಲದು; ಜಲಮಂಡಳಿಗೆ ಶುಲ್ಕ ಕಟ್ಟಿದ ರಸೀದಿ ಕೇಳಿ. ಈಗಾಗಲೇ ಜನ ಇರುವ ಟವರ್ ಆದರೆ ಕಳೆದ ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲು ಕೇಳಿ, ಅದಕ್ಕಿಂತ ನಿಜ ಹೇಳುವ ಕಾಗದ ಬೇರೆ ಇಲ್ಲ.

ಬಳಸಿದ ನೀರಿನ ಶೇ 80–85 ಭಾಗ ಕೊಳಚೆಯಾಗಿ ಎಸ್‌ಟಿಪಿಗೆ, ಅಂದರೆ ಕಟ್ಟಡದ ಕೊಳಚೆ ಶುದ್ಧೀಕರಣ ಘಟಕಕ್ಕೆ, ಬರುತ್ತದೆ. ಮೊದಲ ವರ್ಷ ಕಾಲುಭಾಗ ಮನೆ ಮಾತ್ರ ತುಂಬಿರುವಾಗ ಒಳಗಿನ ಬ್ಯಾಕ್ಟೀರಿಯಾಗೆ ಸಾಕಷ್ಟು ಆಹಾರ ಸಿಗದೆ ಘಟಕ ಹದಕ್ಕೆ ಬರುವುದಿಲ್ಲ. ಆಮೇಲೆ ಕರೆಂಟು ಬಿಲ್ಲು ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸುವ ಚಾಳಿ ಶುರುವಾಗುತ್ತದೆ. ಗಾಳಿ ನಿಂತರೆ ಬ್ಯಾಕ್ಟೀರಿಯಾ ಸಾಯುತ್ತದೆ, ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ. ಆ ನೀರು ಹರಿದು ಸೇರುವುದು ನಿಮ್ಮ ಕೆರೆಗೇ. ಫ್ಲ್ಯಾಟ್ ನೋಡಲು ಹೋದಾಗ ಎಸ್‌ಟಿಪಿ ಬಳಿ ಹತ್ತು ನಿಮಿಷ ನಿಲ್ಲಿ, ಮೂಗು ಹೇಳುತ್ತದೆ.

ಎತ್ತರ ಹೆಚ್ಚಿದಂತೆ ನೀರಿನ ಒತ್ತಡವೂ ಪ್ರತಿ 10 ಮೀಟರ್‌ಗೆ 1 ಬಾರ್ ಏರುತ್ತದೆ. 90 ಮೀಟರ್ ಮೇಲಿನ ಟ್ಯಾಂಕಿನಿಂದ ನೇರ ಪೈಪು ಇಳಿಸಿದರೆ ನೆಲಮಹಡಿ ನಲ್ಲಿಗೆ 9 ಬಾರ್ ಬೀಳುತ್ತದೆ. ಮನೆಯ ನಲ್ಲಿಗೆ 3 ಬಾರ್ ಧಾರಾಳ. ಅದಕ್ಕೇ ನಡುನಡುವೆ ಒತ್ತಡ ಇಳಿಸುವ ವಾಲ್ವ್ ಇರುತ್ತದೆ. ಅದು ಕೆಟ್ಟರೆ ಕೆಳಮನೆಗಳಲ್ಲಿ ಫ್ಲಶ್ ಟ್ಯಾಂಕು, ಗೀಸರ್ ಪೈಪು ಸಾಲಾಗಿ ಒಡೆಯುತ್ತವೆ.

ಬೆಂಕಿಯ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳುತ್ತೇವೆ. 24ನೇ ಮಹಡಿ ಎಂದರೆ ಸುಮಾರು 72 ಮೀಟರ್. ರಾಜ್ಯದ ಅಗ್ನಿಶಾಮಕ ಇಲಾಖೆಯಲ್ಲಿ 90 ಮೀಟರ್ ಏಣಿ ಇದೆ ಎಂಬ ಧೈರ್ಯ ಸಾಲದು. ಆ ವಾಹನ ಬರಬೇಕು, ನಿಲ್ಲಬೇಕು. ಅದಕ್ಕೆ ಕಟ್ಟಡದ ಸುತ್ತ 6 ಮೀಟರ್ ತೆರವು ದಾರಿ, 45 ಟನ್ ತಾಳುವ ನೆಲ ಬೇಕು. ಆ ದಾರಿಯಲ್ಲೇ ಕುಂಡ, ಅತಿಥಿಗಳ ಕಾರು, ಮಕ್ಕಳ ಜಾರುಬಂಡಿ ಇಟ್ಟಿರುವುದನ್ನು ಎಷ್ಟೋ ಕಡೆ ನೋಡಬಹುದು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು. ಅದು ಏಳೆಂಟು ಮಹಡಿಯ ಕಟ್ಟಡ. ಅಲ್ಲಿ ಜನರನ್ನು ಕಂಗೆಡಿಸಿದ್ದು ಜ್ವಾಲೆಗಿಂತ ಹೊಗೆ: ವಿದ್ಯುತ್ ಡಕ್ಟಿನಲ್ಲಿ (ಕೇಬಲ್‌ಗಳು ಮಹಡಿಯಿಂದ ಮಹಡಿಗೆ ಹಾಯುವ ಕಿಂಡಿ) ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು, ಪಾರಾಗುವ ದಾರಿಗಳು ತೆರೆದಿರಲಿಲ್ಲ.

ಆದ್ದರಿಂದ ಲಿಫ್ಟಿನಲ್ಲಿ ಹೋಗಿ, ಮೆಟ್ಟಿಲಲ್ಲಿ ಇಳಿದು ಬನ್ನಿ. ಪ್ರತಿ ಮಹಡಿಯಲ್ಲೂ ಅಗ್ನಿ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ವಿದ್ಯುತ್ ಡಕ್ಟಿನ ಕದ ತೆರೆಸಿ ನೋಡಿ: ಕೇಬಲ್ ಹಾದ ತೂತು ಮಹಡಿ ಮಹಡಿಗೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿರಬೇಕು, ಕೆಳಗಿನ ಬೆಳಕು ಕಾಣಬಾರದು. ಬಾಲ್ಕನಿ ಇಲ್ಲದ ಫ್ಲ್ಯಾಟ್‌ಗಳಾದರೆ 24 ಮೀಟರ್ ದಾಟಿದ ಮೇಲೆ ಮೊದಲ ಆಶ್ರಯ ತಾಣ (ಬೆಂಕಿ ಬಿದ್ದಾಗ ಜನ ಬಂದು ಕಾಯುವ ಸುರಕ್ಷಿತ ಜಾಗ), ನಂತರ ಪ್ರತಿ 15 ಮೀಟರ್‌ಗೆ ಒಂದು ಇರಬೇಕು; ಬಾಲ್ಕನಿ ಇದ್ದರೆ 60 ಮೀಟರ್‌ನಲ್ಲಿ ಮೊದಲನೆಯದು, ನಂತರ ಪ್ರತಿ 30 ಮೀಟರ್‌ಗೆ ಒಂದು. ಅಲ್ಲಿ ಹಳೆ ಸೋಫಾ ತುಂಬಿದ್ದರೆ ಅದು ಇಲ್ಲದಂತೆಯೇ. ಕೊನೆಗೆ ಪಂಪ್ ಕೋಣೆ. ಪ್ಯಾನಲ್ ಸ್ವಿಚ್ ‘ಆಟೋ’ದಲ್ಲಿದೆಯೇ ನೋಡಿ. ಸಣ್ಣ ಸೋರಿಕೆಗೆಲ್ಲ ಪಂಪ್ ಓಡುತ್ತದೆ ಎಂದು ‘ಮ್ಯಾನುಯಲ್’ಗೆ ತಿರುಗಿಸಿಟ್ಟಿದ್ದರೆ, ಬೆಂಕಿ ಬಿದ್ದ ದಿನ ಯಾರಾದರೂ ಓಡಿಹೋಗಿ ಒತ್ತುವ ತನಕ ಮೇಲೆ ನೀರಿಲ್ಲ.

ನೆಲಮಾಳಿಗೆಗೆ ಬರೋಣ. ಮೂರು ಹಂತದ ಪಾರ್ಕಿಂಗ್ ಎಂದರೆ 10 ಮೀಟರ್ ಅಗೆತ. ಕೆರೆ ಬಯಲಲ್ಲಿ ನೀರು 3 ಮೀಟರ್‌ಗೇ ಸಿಕ್ಕರೆ, ಆ 7 ಮೀಟರ್ ನೀರು ತಳದ ಕಾಂಕ್ರೀಟನ್ನು ಚದರ ಮೀಟರಿಗೆ 7 ಟನ್ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. ಟವರಿನ ಅಡಿಯಲ್ಲಿ ಚಿಂತೆಯಿಲ್ಲ, ಮಹಡಿಗೆ ಚದರ ಮೀಟರಿಗೆ ಒಂದು ಟನ್ನಿಗೂ ಹೆಚ್ಚು ಭಾರ ಕೂತಿರುತ್ತದೆ. ಕಷ್ಟ ಇರುವುದು ಟವರ್‌ಗಳ ನಡುವೆ, ಮೇಲೆ ಬರೀ ಹುಲ್ಲುಹಾಸು ಇರುವ ಭಾಗದಲ್ಲಿ. ಅಲ್ಲಿ ತಳವನ್ನು ಬಂಡೆಗೆ ಆಂಕರ್ ಹಾಕಿ ಹಿಡಿದಿರದಿದ್ದರೆ ನೆಲ ಉಬ್ಬುತ್ತದೆ, ಗೋಡೆ–ತಳ ಸೇರುವ ಸಂದಿಯಲ್ಲಿ ಜಿನುಗುತ್ತದೆ. ದೊಡ್ಡ ಮಳೆಯ ಮರುದಿನ ಕೆಳಗಿನ ಹಂತಕ್ಕೆ ಇಳಿಯಿರಿ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಗೆರೆ, ಹೊಸದಾಗಿ ಬಳಿದ ಪಟ್ಟಿ ಕಂಡರೆ ವಿಚಾರಿಸಿ.

ಗೋಡೆಗಳ ಬಗ್ಗೆ ಒಂದೇ ಮಾತು. ಈಗಿನ ಹಲವು ಟವರ್‌ಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಸ್ಲ್ಯಾಬ್ ಒಟ್ಟಿಗೇ ಕಾಂಕ್ರೀಟ್ ಸುರಿಯುತ್ತಾರೆ. ಆ ಗೋಡೆಗಳೇ ಭಾರ ಹೊರುತ್ತವೆ. ಮುಂದೆ ಅಡುಗೆಮನೆ ದೊಡ್ಡದು ಮಾಡಿಸೋಣ ಎಂದು ಒಡೆಯುವಂತಿಲ್ಲ.

ಹಣದ ವಿಷಯ: ನೋಂದಾಯಿತ ಮಾರಾಟ ಕರಾರು ಆಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುತ್ತದೆ. ಸ್ವಾಧೀನ ಕೊಟ್ಟ ಮೇಲೆ ಐದು ವರ್ಷದೊಳಗೆ ಕಾಣಿಸಿಕೊಂಡ ರಚನಾ ದೋಷವನ್ನು, ತಿಳಿಸಿದ 30 ದಿನದಲ್ಲಿ, ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ದೂರು ಬರವಣಿಗೆಯಲ್ಲೇ ಇರಲಿ.

ಇನ್ನು ಆ ಲೇಕ್ ವ್ಯೂ. 2015ರ ಮಹಾಯೋಜನೆ ಕೆರೆಯಂಚಿನಿಂದ 30 ಮೀಟರ್ ಬಿಡಲು ಹೇಳಿತ್ತು. ಹಸಿರು ನ್ಯಾಯಮಂಡಳಿ ಅದನ್ನು 75ಕ್ಕೆ ಏರಿಸಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿತು. ಮಗಳ ಟವರಿಗೂ ಕೆರೆಗೂ ನಡುವಿನ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ, ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಮಹಾಯೋಜನೆಯ ನಕ್ಷೆಯಲ್ಲಿ ಯಾವ ವಲಯದಲ್ಲಿದೆ ನೋಡಿ. ವಸತಿ ವಲಯವಾಗಿದ್ದು, ಎಕರೆಗಟ್ಟಲೆ ಖಾಲಿ ಇದ್ದು, ಎದುರು ಅಗಲವಾದ ರಸ್ತೆ ಗುರುತಾಗಿದ್ದರೆ ನಾಳೆ ಅಲ್ಲೂ ಇಂಥದೇ ಟವರ್ ಏಳಬಹುದು. ಕೆರೆ ಕಾಣುತ್ತದೆಂದು ಚದರಡಿಗೆ ಹೆಚ್ಚುವರಿ ದರ ಕೇಳುತ್ತಿದ್ದರೆ, ಅದನ್ನು ಮಾತ್ರ ಕೊಡಬೇಡಿ.