ವೆನಿಲಾ ಪರಿಮಳದ ಸೆಂಟು ಹತ್ತೇ ನಿಮಿಷದಲ್ಲಿ ಮಾಯವಾಗುತ್ತದೆ, ದಿನವಿಡೀ ಉಳಿಯಲು ಎಷ್ಟು ಸಲ ಹಾಕಿಕೊಳ್ಳಬೇಕು?

ನಿಮ್ಮ ಪ್ರಶ್ನೆಯಲ್ಲಿ ‘ಹತ್ತು ನಿಮಿಷ’ ಎಂಬ ಮಾತನ್ನು ಓದಿದ ಕೂಡಲೇ ನನಗೆ ರಿಪ್ಪನ್‌ಪೇಟೆಯ ಬಸ್ ನಿಲ್ದಾಣ ಕಣ್ಣಿಗೆ ಕಟ್ಟಿತು. 2013ರ ಜುಲೈ ತಿಂಗಳು, ಬೆಳಗಿನ ಏಳೂವರೆ, ಜಡಿಮಳೆ. ಶಿವಮೊಗ್ಗದ ಬಸ್ಸಿಗೆ ಕಾಯುತ್ತಾ, ಮುಂಗೈಯನ್ನು ಮೂಗಿಗೆ ಹಿಡಿದು, ‘ಅಯ್ಯೋ, ಆಗಲೇ ಹೋಯಿತಲ್ಲ’ ಎಂದುಕೊಂಡು ಚೀಲದಿಂದ ಬಾಟಲಿ ತೆಗೆದು ಎರಡನೆಯ ಸಲ ಸಿಂಪಡಿಸಿಕೊಂಡ ಹುಡುಗಿ ನಾನೇ. ನೀವು ಜೂನ್‌ನಲ್ಲಿ ಶಿವಮೊಗ್ಗದಲ್ಲಿ ಹೊಸ ಕೆಲಸಕ್ಕೆ ಸೇರುವವರಿದ್ದೀರಿ, ನಾನು ಅದೇ ಊರಿನಲ್ಲಿ ಕೆಲಸ ಕೇಳಲು ಹೊರಟಿದ್ದೆ, ವ್ಯತ್ಯಾಸ ಅಷ್ಟೇ.

ನನಗೆ ಆ ಪರಿಮಳದ ಹುಚ್ಚು ಹಿಡಿದದ್ದು ಅಂಗಡಿಯಲ್ಲಿ ಅಲ್ಲ, ನಮ್ಮ ಮನೆಯ ಅಟ್ಟದಲ್ಲಿ. ಹೊಸನಗರ ತಾಲ್ಲೂಕಿನ ಎಷ್ಟೋ ಅಡಿಕೆ ತೋಟಗಳಂತೆ ನಮ್ಮ ತೋಟದಲ್ಲಿಯೂ ಆಗ ವೆನಿಲಾ ಬಳ್ಳಿ ಇತ್ತು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರುತ್ತಾ ಹೋಗಿ, 2003ರಲ್ಲಿ ಅದರ ಹಸಿ ಕೋಡಿಗೇ, ಅಂದರೆ ಕಾಯಿಗೇ, ಕಿಲೋಗೆ 3,000 ರೂಪಾಯಿ ದಾಟಿತ್ತು. ರಾತ್ರಿ ಟಾರ್ಚ್ ಹಿಡಿದು ನಾಯಿಯೊಡನೆ ತೋಟ ಕಾಯುವವರಿದ್ದರು. ವೆನಿಲಾ ಒಂದು ಜಾತಿಯ ಆರ್ಕಿಡ್, ಮೆಕ್ಸಿಕೊ ಕಡೆಯದು. ಅದರ ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ನಮ್ಮಲ್ಲಿ ತಾನಾಗಿ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಶಾಲೆಗೆ ಹೋಗುವ ಮೊದಲು ನಾನು ಮತ್ತು ಅಮ್ಮ ತೆಂಗಿನ ಗರಿಯ ಸಣ್ಣ ಕಡ್ಡಿ ಹಿಡಿದು ಒಂದೊಂದೇ ಹೂವಿನ ಪರಾಗಸ್ಪರ್ಶ ಮಾಡುತ್ತಿದ್ದೆವು. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಎಂದು ಎಷ್ಟೋ ವರ್ಷಗಳ ನಂತರ ಓದಿ ತಿಳಿದೆ. ಆಗ ನನಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಹಸಿ ಕೋಡಿಗೆ ವಾಸನೆಯೇ ಇರುವುದಿಲ್ಲ. ಮೂಸಿದರೆ ಹುರುಳಿಕಾಯಿ ಮೂಸಿದಂತೆ. ಅಪ್ಪ ಅದನ್ನು ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಲು ಬಿಟ್ಟು, ದಿನಾ ಒಂದೆರಡು ತಾಸು ಬಿಸಿಲು ತೋರಿಸಿ ಮತ್ತೆ ಸುತ್ತಿ, ಆಮೇಲೆ ನೆರಳಿನಲ್ಲಿ ಒಣಗಿಸಿ, ಕೊನೆಗೆ ಮರದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಆರು ಕಿಲೋ ಹಸಿ ಕೋಡು ಒಂದು ಕಿಲೋಗೆ ಇಳಿಯುವಷ್ಟರಲ್ಲಿ ಅಟ್ಟವೆಲ್ಲಾ ಜೋನಿಬೆಲ್ಲ, ಒಣದ್ರಾಕ್ಷಿ, ಒದ್ದೆ ಮರ ಮೂರೂ ಬೆರೆತಂತೆ ಘಮ್ಮೆನ್ನುತ್ತಿತ್ತು. ‘ಅವಸರ ಮಾಡಿದರೆ ಒಣಕಡ್ಡಿ, ಸೋಮಾರಿತನ ಮಾಡಿದರೆ ಬೂಷ್ಟು’ ಎನ್ನುತ್ತಿದ್ದರು ಅಪ್ಪ. ಆ ಹಣದಲ್ಲಿ ಅಮ್ಮನಿಗೆ ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಂದು ಕೆನೆಬಣ್ಣದ ರೇಷ್ಮೆ ಸೀರೆ ಬಂತು. ಎರಡು ವರ್ಷ ಕಳೆಯುವುದರೊಳಗೆ ಹಸಿ ಕೋಡನ್ನು ನೂರು ರೂಪಾಯಿಗೂ ಕೇಳುವವರಿಲ್ಲದಂತಾಗಿ, ಬಳ್ಳಿಗೆ ಕೊಳೆರೋಗವೂ ಬಂದು, ಅಪ್ಪ ಅದನ್ನು ಕಿತ್ತುಹಾಕಿದರು.

ಆದ್ದರಿಂದ ಬೆಂಗಳೂರಿನ ಚಿಕ್ಕಮ್ಮನ ಮಗಳು ‘ಇದು ನಿನಗೇ ಸರಿ’ ಎಂದು ಒಂದು ವೆನಿಲಾ ಸೆಂಟಿನ ಬಾಟಲಿ ಕೊಟ್ಟಾಗ ನನಗೆ ಅಟ್ಟವೇ ಕೈಗೆ ಬಂದಷ್ಟು ಸಂತೋಷವಾಗಿತ್ತು. ಬಿಎಡ್ ಮುಗಿಸಿ ಶಿವಮೊಗ್ಗದ ಒಂದು ಖಾಸಗಿ ಶಾಲೆಗೆ ವಿಜ್ಞಾನ ಶಿಕ್ಷಕಿಯ ಹುದ್ದೆಗೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕರೆ ಬಂದಿತ್ತು. ಅಮ್ಮನ ಕೆನೆಬಣ್ಣದ ಸೀರೆ ಉಟ್ಟು, ಮನೆಯಲ್ಲಿ ಹೊರಡುವಾಗ ಕುತ್ತಿಗೆಗೆ ಎರಡು ಸಲ, ಮುಂಗೈಗಳಿಗೆ ಒಂದೊಂದು ಸಲ ಸಿಂಪಡಿಸಿಕೊಂಡೆ. ರಿಪ್ಪನ್‌ಪೇಟೆಯಲ್ಲಿ ಬಸ್ ಬದಲಿಸುವಾಗ ಮತ್ತೆ ಕುತ್ತಿಗೆಗೆ. ಮಳೆಗೆ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದ್ದವು, ಒದ್ದೆ ಛತ್ರಿ, ಒದ್ದೆ ಸ್ವೆಟರು, ಡೀಸೆಲ್ಲು, ಎಲೆಯಡಿಕೆ. ಆಯನೂರು ಬರುವ ಹೊತ್ತಿಗೆ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಸೆರಗನ್ನು ಮೂಗಿಗೆ ಮುಚ್ಚಿಕೊಂಡಿದ್ದರು. ಡೀಸೆಲ್ಲಿಗೆ ಇರಬೇಕೆಂದು ನಾನು ಅಂದುಕೊಂಡೆ. ಶಿವಮೊಗ್ಗದಲ್ಲಿ ಇಳಿದು ಮೂಸಿಕೊಂಡರೆ ಏನೂ ಇಲ್ಲ. ಚರ್ಮದ ಮೇಲೆ ನಿಲ್ಲುತ್ತಿಲ್ಲ, ಬಟ್ಟೆಯ ಮೇಲಾದರೂ ನಿಲ್ಲಲಿ ಎಂದು ಮೂರನೆಯ ಸಲ ನೇರವಾಗಿ ಸೆರಗಿನ ಮೇಲೆ, ಹತ್ತಿರದಿಂದ, ನಾಲ್ಕು ಬಾರಿ ಒತ್ತಿದೆ.

ಸಂದರ್ಶನದ ಕೋಣೆ ಚಿಕ್ಕದು, ಕಿಟಕಿ ಮುಚ್ಚಿತ್ತು. ಮೂವರು ಕುಳಿತಿದ್ದರು, ನಡುವೆ ಮುಖ್ಯೋಪಾಧ್ಯಾಯಿನಿ. ನಾನು ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುತ್ತಿರುವಾಗಲೇ ಅವರು ಹಣೆಯನ್ನು ಬೆರಳಿನಿಂದ ಒತ್ತಿಕೊಂಡರು, ಎರಡನೆಯ ಪ್ರಶ್ನೆಗೆ ಎದ್ದು ಹೋಗಿ ತಾವೇ ಕಿಟಕಿ ತೆರೆದರು. ಎರಚಲು ಒಳಗೆ ಹೊಡೆದು ನನ್ನ ಅಂಕಪಟ್ಟಿಯ ಮೇಲೆ ಬಿತ್ತು. ಯಾರೋ ಪೇಪರ್‌ವೇಟ್ ಇಟ್ಟರು, ಯಾರೋ ಕೆಮ್ಮಿದರು, ಆರು ನಿಮಿಷದಲ್ಲಿ ‘ತಿಳಿಸುತ್ತೇವೆ’ ಎಂದು ಮುಗಿಯಿತು. ಪಾಠ ಮಾಡಿ ತೋರಿಸಿ ಎಂದು ಉಳಿದವರಿಗೆಲ್ಲ ಹೇಳಿದ್ದರಂತೆ, ನನಗೆ ಹೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಆಯಾ ನನ್ನ ಹಿಂದೆಯೇ ಗೇಟಿನವರೆಗೆ ಬಂದು, ದನಿ ತಗ್ಗಿಸಿ, ‘ಅಕ್ಕೋರೆ, ಬೇಜಾರ್ ಮಾಡ್ಕಬೇಡಿ, ಸೆಂಟು ಸ್ವಲ್ಪ ಜಾಸ್ತಿ ಆಯ್ತು, ನಮ್ಮ ಮೇಡಮ್ಮಂಗೆ ಅರೆತಲೆನೋವಿನ ಕಾಯಿಲೆ’ ಎಂದಳು. ನಾನು ಅವಳ ಮುಂದೆಯೇ ಕೈಯನ್ನು ಮೂಸಿಕೊಂಡು, ‘ಎಲ್ಲಿದೆ ಮಾರಾಯ್ತಿ, ಹೋಗಿಯೇಬಿಟ್ಟಿದೆ’ ಎಂದೆ. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ನನ್ನ ತಪ್ಪು ಏನೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತಪ್ಪಿದೆ. ಹೆಚ್ಚು ಹಾಕಿಕೊಂಡೆ ಎಂದಷ್ಟೇ ಹೇಳಿದರೆ ಅರ್ಧ ಮಾತಾಯಿತು. ಪರಿಮಳ ಇದೆಯೋ ಇಲ್ಲವೋ ಎಂದು ಅಳೆಯಲು ನನ್ನ ಮೂಗನ್ನೇ ನೆಚ್ಚಿದ್ದು ಮೂಲ ತಪ್ಪು. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಹೊಸ ವಾಸನೆ ಬಂದರೆ ಗೊತ್ತಾಗಲಿ ಎಂದು ಹಳೆಯದನ್ನು ಬದಿಗೆ ಸರಿಸುತ್ತದೆ. ಮಲೆನಾಡಿನವರಾದ ನಮಗೆ ಇದು ಗೊತ್ತಿರಬೇಕಿತ್ತು. ಮಳೆಗಾಲದಲ್ಲಿ ನಮ್ಮ ಬಟ್ಟೆಗಳು ಒಣಗುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ. ಹಾಸ್ಟೆಲ್ಲಿನಲ್ಲಿ ಬಯಲುಸೀಮೆಯ ಗೆಳತಿಯರು ‘ನಿನ್ನ ಚೂಡಿದಾರ ಹೊಗೆ ವಾಸನೆ ಬರುತ್ತದೆ’ ಎಂದು ನಗುತ್ತಿದ್ದರು, ನನಗೆ ಒಂದು ದಿನವೂ ಆ ಹೊಗೆ ಗೊತ್ತಾಗಿರಲಿಲ್ಲ. ಅಡಿಕೆ ಬೇಯಿಸುವ ಕಾಲದಲ್ಲಿ ಮನೆಗೆ ಬಂದ ನೆಂಟರು ಚೊಗರಿನ ವಾಸನೆ ಎಂದರೆ ಅಮ್ಮ ‘ಎಲ್ಲಿ?’ ಎಂದು ಕೇಳುತ್ತಿದ್ದಳು. ಇಷ್ಟೆಲ್ಲ ಕಂಡಿದ್ದವಳು ಸೆಂಟಿನ ವಿಷಯದಲ್ಲಿ ಮಾತ್ರ ನನ್ನ ಮೂಗು ಸತ್ಯವನ್ನೇ ಹೇಳುತ್ತದೆ ಎಂದು ನಂಬಿದೆ.

ಅದರಲ್ಲಿಯೂ ವೆನಿಲಾ ಎಲ್ಲ ಸೆಂಟುಗಳಂತಲ್ಲ. ನಿಂಬೆ, ಕಿತ್ತಳೆಯಂಥ ಪರಿಮಳಗಳು ಹಗುರ. ಸಿಂಪಡಿಸಿದ ಕಾಲು ತಾಸಿನಲ್ಲಿ ನಿಜವಾಗಿಯೂ ಹಾರಿಹೋಗುತ್ತವೆ. ವೆನಿಲಾದ ಮುಖ್ಯ ಪರಿಮಳವಾದ ವೆನಿಲಿನ್ ನಿಧಾನವಾಗಿ ಆವಿಯಾಗುವ ವಸ್ತು, ಸೆಂಟಿನಲ್ಲಿ ಕೊನೆಯವರೆಗೆ ನಿಲ್ಲುವಂಥದ್ದು. ಹಗುರವಾದವು ಹೋದ ಮೇಲೂ ಗಂಟೆಗಟ್ಟಲೆ ಉಳಿಯುತ್ತದೆ, ಬಟ್ಟೆಗೆ ತಗುಲಿದರೆ ಮರುದಿನವೂ ಇರುತ್ತದೆ. ಹತ್ತು ನಿಮಿಷದಲ್ಲಿ ಹೋಯಿತು ಎಂದು ನೀವು ಅಂದುಕೊಳ್ಳುವಾಗ ಅದು ಇನ್ನೂ ಸರಿಯಾಗಿ ಶುರುವೇ ಆಗಿರುವುದಿಲ್ಲ. ಹಾಗಾಗಿ ನಾನು ಮೂರು ಸಲ ಹಾಕಿಕೊಂಡದ್ದು ಒಂದರ ಬದಲಿಗೆ ಇನ್ನೊಂದಾಗಲಿಲ್ಲ, ಒಂದರ ಮೇಲೊಂದು ಪೇರಿಸಿಕೊಂಡಿತು. ಆ ಕೋಣೆಗೆ ನಾನು ಒಯ್ದದ್ದು ಒಟ್ಟು ಮೊತ್ತವನ್ನು.

ಇನ್ನು ಸೀರೆಯ ಕಥೆ. ಊರಿಗೆ ಬಂದು ಮಡಿಸಿಟ್ಟ ಸೀರೆಯನ್ನು ನವರಾತ್ರಿಗೆ ತೆಗೆದರೆ ಸೆರಗಿನ ಮೇಲೆ ನಾಣ್ಯದಷ್ಟಗಲದ ಮೂರು ಕಂದು ಕಲೆ. ‘ಕೂಸೆ, ಇದೆಂತದು, ಕಾಪಿ ಚೆಲ್ಲಿಕೊಂಡ್ಯಾ?’ ಎಂದು ಅಮ್ಮ ಕೇಳಿದಳು. ವೆನಿಲಿನ್ ಗಾಳಿ, ಬೆಳಕಿಗೆ ಸಿಕ್ಕಿ ಕಂದುಬಣ್ಣಕ್ಕೆ ತಿರುಗುತ್ತದೆ. ಮನೆಯಲ್ಲಿ ಸಾಬೂನು ಮಾಡುವವರು ವೆನಿಲಾ ಪರಿಮಳ ಹಾಕಿದರೆ ಬಿಳಿ ಸಾಬೂನು ಕಾಪಿ ಬಣ್ಣಕ್ಕೆ ಬರುವುದನ್ನು ಬಲ್ಲರು. ಡ್ರೈಕ್ಲೀನಿಂಗ್‌ಗೆ ಎರಡು ಸಲ ಕೊಟ್ಟರೂ ಹೋಗಲಿಲ್ಲ. ವೆನಿಲಾ ದುಡ್ಡಿನಲ್ಲಿ ಬಂದ ಸೀರೆ ವೆನಿಲಾ ಕಲೆಯಲ್ಲಿ ಹೋಯಿತು ಎಂದು ಅಪ್ಪ ನಕ್ಕರು, ಅಮ್ಮ ನಗಲಿಲ್ಲ.

ಹಾಗಾಗಿ ‘ಎಷ್ಟು ಸಲ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದು ಸಲ, ಅದೂ ಒಂದೇ ಜಾಗಕ್ಕೆ. ಸ್ನಾನವಾಗಿ ಮೈ ಒರೆಸಿಕೊಂಡ ಮೇಲೆ ಮೊಣಕೈಯ ಒಳಮಡಿಕೆಗೆ ಚೂರು ವ್ಯಾಸಲೀನ್ ಸವರಿ ಅದರ ಮೇಲೆ ಒಂದು ಸಲ ಒತ್ತಿ. ಒಣ ಚರ್ಮಕ್ಕಿಂತ ಜಿಡ್ಡಿರುವ ಚರ್ಮದ ಮೇಲೆ ಪರಿಮಳ ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದರದ್ದೇ ವಾಸನೆ ಸೇರಿ ಬರ್ಫಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು, ಹೊರಗಿನಿಂದ ಆಗಷ್ಟೇ ಮನೆಯೊಳಗೆ ಬಂದವರನ್ನು ಕೇಳಿ. ಜೊತೆಯಲ್ಲೇ ಇದ್ದವರನ್ನು ಕೇಳಿ ಪ್ರಯೋಜನವಿಲ್ಲ, ಅವರ ಮೂಗೂ ಅಷ್ಟರಲ್ಲಿ ಸೋತಿರುತ್ತದೆ. ಬಟ್ಟೆಯ ಮೇಲೆ, ಅದರಲ್ಲಿಯೂ ತಿಳಿಬಣ್ಣದ ರೇಷ್ಮೆ, ಹತ್ತಿಯ ಮೇಲೆ ಬೇಡವೇ ಬೇಡ. ತಲೆಯಲ್ಲಿ ಮಲ್ಲಿಗೆಯೋ ಸುರಗಿಯೋ ಇದ್ದ ದಿನ ಸೆಂಟನ್ನು ಮುಟ್ಟಬೇಡಿ, ಎರಡೂ ಸೇರಿದರೆ ಎರಡೂ ಕೆಡುತ್ತವೆ.

‘ವೆನಿಲಾ ಎಂದರೆ ಐಸ್‌ಕ್ರೀಮಿನ ವಾಸನೆ, ಚಿಕ್ಕ ಹುಡುಗಿಯರಿಗೆ ಎನ್ನುತ್ತಾರೆ’ ಎಂದೂ ಬರೆದಿದ್ದೀರಿ. ಪ್ಯಾರಿಸ್ಸಿನ ಗೆರ್ಲೇನ್ ಕಂಪನಿಯ ಶಾಲಿಮಾರ್, 1925ರದು, ವೆನಿಲಾದ ಮೇಲೆಯೇ ನಿಂತ ಸೆಂಟು. ಅದನ್ನು ಯಾರೂ ಮಕ್ಕಳ ಪರಿಮಳ ಎಂದಿಲ್ಲ. ನಿಮ್ಮ ಬಾಟಲಿಯಲ್ಲಿರುವುದು ನಿಜವಾದ ವೆನಿಲಾ ಅಲ್ಲವಂತೆ ಎಂಬ ಕೊರಗೂ ಬೇಡ. ಜರ್ಮನಿಯ ಟೀಮನ್ ಮತ್ತು ಹಾರ್ಮನ್ 1874ರಲ್ಲಿಯೇ ಪೈನ್ ಮರದ ರಸದಿಂದ ವೆನಿಲಿನ್ ತಯಾರಿಸಿದ್ದರು, ಇವತ್ತು ಲೋಕದಲ್ಲಿ ಬಳಕೆಯಾಗುವ ವೆನಿಲಿನ್ ಬಹುಪಾಲು ಕಾರ್ಖಾನೆಯದೇ. ನಮ್ಮ ಬಳ್ಳಿ ಬೆಲೆ ಕಳೆದುಕೊಂಡದ್ದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಹೊಟ್ಟೆಯುರಿ. ಆದರೂ ಬೇಸಗೆ ರಜೆಯಲ್ಲಿ ನಾನು ಅದೇ ಸೆಂಟನ್ನು ಮೂಸಿ ಅಟ್ಟವನ್ನು ನೆನೆಯುತ್ತೇನೆ.

ಕಾಲದ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸೀಮೆಯಲ್ಲಿ ಕಿಟಕಿ ಮುಚ್ಚಿರುತ್ತದೆ, ಗಾಳಿ ಒದ್ದೆಯಾಗಿರುತ್ತದೆ, ಬೀರುವಿನಲ್ಲಿ ಮುಗ್ಗಲು ವಾಸನೆ ಇರುತ್ತದೆ. ಮುಗ್ಗಲಿನ ಮೇಲೆ ಸಿಹಿ ಪರಿಮಳ ಕುಳಿತರೆ ಹಳಸಿದ ಪಾಯಸದಂತಾಗುತ್ತದೆ. ಬೆಚ್ಚನೆಯ ವೆನಿಲಾಕ್ಕೆ ಡಿಸೆಂಬರ್, ಜನವರಿ ಸರಿಯಾದ ತಿಂಗಳು: ಬೆಳಗ್ಗೆ ಇಬ್ಬನಿ, ಮೈಮೇಲೆ ಶಾಲು, ಊರಿನಲ್ಲಿ ಆಲೆಮನೆ ಶುರುವಾಗುವ ಹೊತ್ತು. ಅಲ್ಲಿಯತನಕ ಬಾಟಲಿಯನ್ನು ಬಚ್ಚಲುಮನೆಯಲ್ಲಿ ಇಡದೆ ಬೀರುವಿನ ಕತ್ತಲಲ್ಲಿ ಇಡಿ. ಒಳಗಿನ ದ್ರವ ದಿನ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗಿದರೆ ಕೆಟ್ಟಿತೆಂದು ಚೆಲ್ಲಬೇಡಿ, ವೆನಿಲಾ ಸೆಂಟಿಗೆ ಅದು ಸಹಜ.

ಹೊಸ ಕೆಲಸದ ಮೊದಲ ವಾರವಂತೂ ಏನನ್ನೂ ಹಾಕಿಕೊಳ್ಳದೆ ಹೋಗಿ. ನಿಮ್ಮ ಮೇಜಿನ ಪಕ್ಕ ಯಾರು ಕೂರುತ್ತಾರೆ, ಅವರಿಗೆ ಅರೆತಲೆನೋವು ಇದೆಯೇ, ಬಸುರಿ ಹೆಂಗಸರಿದ್ದಾರೆಯೇ, ಆ ಕೋಣೆಯ ಕಿಟಕಿ ತೆರೆಯುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ನಾನು ಈಗ ಕಲಿಸುವ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಕಿಟಕಿ ತೆರೆಯುತ್ತದೆ. ಆದರೂ ಚಳಿಗಾಲದಲ್ಲಿ ಮೊದಲ ಸಲ ಹಾಕಿಕೊಂಡು ಹೋದ ದಿನ, ಒಳಗೆ ಬಂದ ನಮ್ಮ ಗಣಿತದ ಮೇಡಂ ‘ಯಾರ ಮನೆಯಿಂದ ಬೆಲ್ಲ ಬಂತು?’ ಎಂದು ಕೇಳುವವರೆಗೂ ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿಯೇ ಕುಳಿತಿದ್ದೆ.