ಬಯೋಡಾಟಾದಲ್ಲಿ ಪಿಸಿಆರ್, ಕೈಯಲ್ಲಿ ಬೆಳಚು

"ಮೇಡಂ, ನನಗೆ ಇಂಗ್ಲಿಷ್ ಮಾತಾಡ್ಲಿಕ್ಕೆ ಬರೂದಿಲ್ಲ. ಇಂಟರ್‌ವ್ಯೂ ಅಂದ್ರೆ ಕೈಕಾಲು ತಣ್ಣಗಾಗ್ತದೆ."

ಕುಮಟಾ ಕಡೆಯ ಹುಡುಗಿ. ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕೆಲಸ ಹುಡುಕುವವರಿಗೆ ಸಲಹೆ ಕೊಡಲು ನಾನು ಕೂರುವುದು ಕಾರವಾರದಲ್ಲಿ. ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಹಾಗಾಗಿ ಕೆಲಸ ಹುಡುಕುವ ಜೀವಶಾಸ್ತ್ರದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ.

ಮೊದಲು ನಿದ್ದೆ, ಊಟ ವಿಚಾರಿಸಿದೆ. ಎರಡೂ ಸರಿಯಿತ್ತು. ಗೆಳತಿಯರ ಜೊತೆ ನಗುತ್ತಾಳೆ, ಬಸ್ಸಿನಲ್ಲಿ ಒಬ್ಬಳೇ ಗೋವಾಕ್ಕೆ ಹೋಗಿ ಬರುತ್ತಾಳೆ. ದಿನವಿಡೀ ಕಾಡುವ ಆತಂಕವಾಗಿದ್ದರೆ ದಾರಿ ಬೇರೆಯಿತ್ತು. ಅಂಥವರಿಗೆ ವೈದ್ಯರ ಹತ್ತಿರ ಹೋಗಲು ಹೇಳುತ್ತೇನೆ, ಟೆಲಿ ಮಾನಸ್ ಸಹಾಯವಾಣಿ 14416 ಕೊಡುತ್ತೇನೆ. ಇವಳ ಹೆದರಿಕೆ ಸಂದರ್ಶನದ ಕೋಣೆಗೆ ಮಾತ್ರ ಸೀಮಿತವಾಗಿತ್ತು. ಆ ಕೋಣೆಯಲ್ಲಿ ಏನಾಗುತ್ತದೆ ಅಂತ ಕೇಳಿದೆ.

ಗೋವಾದ ಒಂದು ಔಷಧ ಕಂಪನಿ. "ಪಿಸಿಆರ್ ಮಾಡಿದ್ದೀರಾ? ಅನೀಲಿಂಗ್ ತಾಪಮಾನ ಹೇಗೆ ನಿರ್ಧರಿಸಿದಿರಿ?" ಅಂತ ಕೇಳಿದರಂತೆ. ಪಿಸಿಆರ್ ಅಂದರೆ ಡಿಎನ್‌ಎ ತುಣುಕನ್ನು ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡುವ ವಿಧಾನ; ಪ್ರೈಮರ್ ಅನ್ನುವ ಚಿಕ್ಕ ಡಿಎನ್‌ಎ ಚೂರು ಅದಕ್ಕೆ ಅಂಟುವ ಹಂತವೇ ಅನೀಲಿಂಗ್. ಇವಳು ಮಾಡಿರಲಿಲ್ಲ. ಒಂದು ಕಾರ್ಯಾಗಾರದಲ್ಲಿ ಯಂತ್ರ ನೋಡಿದ್ದಳು, ಅಷ್ಟೇ. ಅಲ್ಲಿಂದ ಮುಂದೆ ಗೊತ್ತಿದ್ದ ಪ್ರಶ್ನೆಗೂ ಬಾಯಿ ಬರಲಿಲ್ಲ.

ಬಯೋಡಾಟಾ ತರಿಸಿ ನೋಡಿದೆ. ಪಿಸಿಆರ್, ಎಲೈಸಾ, ಎಸ್‌ಡಿಎಸ್ ಪೇಜ್, ಎಚ್‌ಪಿಎಲ್‌ಸಿ ಅಂತ ಲ್ಯಾಬ್ ವಿಧಾನಗಳೆಲ್ಲ ಸಾಲಾಗಿ ಇದ್ದವು. ಸೀನಿಯರ್ ಒಬ್ಬಳ ಫೈಲ್ ತಗೊಂಡು ಹೆಸರು ಬದಲಿಸಿದ್ದು, ಎಲ್ಲರೂ ಹಾಗೇ ಮಾಡುವುದಂತೆ. ಮೇಲೆ ಉದ್ದೇಶ ಅಂತ ನಾಲ್ಕು ಸಾಲು, ಕೆಳಗೆ ತಂದೆಯ ಹೆಸರು, ಮದುವೆಯಾಗಿಲ್ಲ ಅನ್ನುವ ಮಾಹಿತಿ, ಹವ್ಯಾಸ ಹಾಡು ಕೇಳುವುದು. ನಡುವೆ ಎಲ್ಲೋ ಒಂದೇ ಸಾಲು: ಪ್ರಾಜೆಕ್ಟ್, ಅಘನಾಶಿನಿ ಅಳಿವೆಯ ದ್ವಿಕವಾಟಿಗಳ ಅಧ್ಯಯನ. ಅಂದರೆ ಹೊಳೆ ಕಡಲು ಸೇರುವ ಜಾಗದಲ್ಲಿ ಸಿಗುವ, ಬೆಳಚಿನಂಥ ಎರಡು ಚಿಪ್ಪಿನ ಜೀವಿಗಳು.

"ಇದರಲ್ಲಿ ಏನು ಮಾಡಿದ್ದೆ ತಂಗಿ?" ಅಂದೆ.

ಆಗ ನೋಡಬೇಕಿತ್ತು ಅವಳನ್ನು. ಇಳಿತದ ಹೊತ್ತು ಲೆಕ್ಕ ಹಾಕಿ ಬೆಳಗಿನ ಜಾವವೇ ಕೆಸರಿಗೆ ಇಳಿಯುವುದು, ಐವತ್ತು ಸೆಂಟಿಮೀಟರ್ ಚೌಕಟ್ಟು ಇಟ್ಟು ಒಳಗಿನ ಬೆಳಚನ್ನೆಲ್ಲ ಜಾಲಿಸಿ ಎಣಿಸುವುದು, ವರ್ನಿಯರ್‌ನಲ್ಲಿ ಚಿಪ್ಪು ಅಳೆಯುವುದು. ರಿಫ್ರಾಕ್ಟೋಮೀಟರ್‌ನಿಂದ ಉಪ್ಪಿನಂಶ, ವಿಂಕ್ಲರ್ ವಿಧಾನದಿಂದ ನೀರಿನಲ್ಲಿ ಕರಗಿದ ಆಮ್ಲಜನಕ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ನುಗ್ಗಿ ಉಪ್ಪು ಇಳಿದಾಗ ಯಾವ ಜಾತಿ ತಾಳಿಕೊಳ್ಳುತ್ತದೆ, ಯಾವುದು ಸಾಯುತ್ತದೆ ಅನ್ನುವುದನ್ನೂ ಹೇಳಿದಳು. ನಡುನಡುವೆ "ಇದೆಲ್ಲ ನಮ್ಮ ಆಯಿಗೂ ಗೊತ್ತು ಮೇಡಂ" ಅಂತ ನಾಚಿಕೊಳ್ಳುತ್ತಿದ್ದಳು. ಆಯಿ ಬೆಳಚು ಆರಿಸಿ ಮಾರಿಯೇ ಇವಳನ್ನು ಓದಿಸಿದವರು.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಅಲ್ಲಿ ಕೈ ಕೆಸರು ಮಾಡಿಕೊಂಡು ಅಂಕಿಅಂಶ ತಂದವಳು, ಮುಟ್ಟದ ಯಂತ್ರದ ಹೆಸರಿನ ಹಿಂದೆ ಅದನ್ನೆಲ್ಲ ಬಚ್ಚಿಟ್ಟಿದ್ದಳು. ಹೆದರಿಕೆಗೆ ಇಂಗ್ಲಿಷ್ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಯಾವ ಸಾಲಿನ ಬಗ್ಗೆ ಯಾವಾಗ ಕೇಳಿಬಿಡುತ್ತಾರೋ ಅಂತ ಕಾಯುತ್ತ ಕೂತವರಿಗೆ ಯಾವ ಭಾಷೆಯಲ್ಲೂ ಮಾತು ಬರುವುದಿಲ್ಲ, ಅಲ್ವಾ?

ನಾವು ಮಾಡಿದ ಮೊದಲ ಕೆಲಸ ಕೌಶಲಗಳನ್ನು ಮೂರು ಪಾಲು ಮಾಡಿದ್ದು. ಸ್ವತಃ ಮಾಡಿದ್ದು, ಮಾಡುವುದನ್ನು ನೋಡಿದ್ದು, ಓದಿ ತಿಳಿದಿದ್ದು. ಮೊದಲನೆಯದು ಮಾತ್ರ ಕೌಶಲಗಳ ಪಟ್ಟಿಗೆ. ಎರಡನೆಯದನ್ನು ತರಬೇತಿ ಅನ್ನುವ ತಲೆಬರಹದಡಿ "ಪ್ರಾತ್ಯಕ್ಷಿಕೆ ನೋಡಿದ್ದೇನೆ" ಅಂತಲೇ ಬರೆಯಬೇಕು. ಮೂರನೆಯದು ಕಾಗದಕ್ಕೆ ಬೇಡ, ತಲೆಯಲ್ಲಿರಲಿ. ಪಟ್ಟಿ ಅರ್ಧಕ್ಕಿಂತ ಚಿಕ್ಕದಾಯಿತು. ಅವಳ ಮುಖವೂ ಚಿಕ್ಕದಾಯಿತು. ಆ ಜಾಗಕ್ಕೆ ಪ್ರಾಜೆಕ್ಟನ್ನು ಹಿಗ್ಗಿಸಿದೆವು: ಎಷ್ಟು ಕಡೆ, ಎಷ್ಟು ತಿಂಗಳು, ಯಾವ ವಿಧಾನ, ಏನು ಸಿಕ್ಕಿತು. ಪ್ರತಿ ಸಾಲಿಗೂ ಒಂದು ಕ್ರಿಯಾಪದ, ಸಾಧ್ಯವಾದಲ್ಲಿ ಒಂದು ಅಂಕಿ. ತಂದೆಯ ಹೆಸರು, ಮದುವೆ, ಹಾಡು ಎಲ್ಲ ಹೋದವು. ಅರ್ಜಿ ನಮೂನೆಯಲ್ಲೇ ಕೇಳಿದರೆ ತುಂಬಿದರಾಯಿತು.

ಒಂದೇ ಬಯೋಡಾಟಾ ಎಲ್ಲ ಕಡೆಗೂ ಹೊಂದುವುದಿಲ್ಲ. ಸಂಶೋಧನಾ ಯೋಜನೆಯ ಹುದ್ದೆಗೆ ಕ್ಷೇತ್ರಕಾರ್ಯ, ಜೀವಿಗಳ ಜಾತಿ ಗುರುತಿಸುವಿಕೆ, ಲೆಕ್ಕಾಚಾರ ಮೇಲೆ ಬರಬೇಕು. ಮೀನು ಸಂಸ್ಕರಣಾ ಘಟಕದ ಗುಣಮಟ್ಟ ವಿಭಾಗಕ್ಕಾದರೆ ಸೂಕ್ಷ್ಮಜೀವಿ ಪ್ರಾಕ್ಟಿಕಲ್ ಮೇಲೆ. ಜೊತೆಗಿನ ಪತ್ರ ಅರ್ಧ ಪುಟ ಸಾಕು. ಯಾವ ಹುದ್ದೆ, ಅವರು ಕೇಳಿದ ಯಾವ ಕೆಲಸವನ್ನು ನೀನು ಎಲ್ಲಿ ಮಾಡಿದ್ದೀಯ, ಯಾವಾಗ ಸೇರಬಲ್ಲೆ. "ತಮ್ಮ ಪ್ರತಿಷ್ಠಿತ ಸಂಸ್ಥೆ" ಅಂತ ಹೊಗಳುವ ಸಾಲು ತೆಗೆಸಿದೆ. ಗೈಡ್ ಹೆಸರನ್ನು ಕೇಳದೇ ಹಾಕಿದ್ದಳು. ಫೋನ್ ಮಾಡಿ ಒಪ್ಪಿಗೆ ಕೇಳು, ಹೊಸ ಬಯೋಡಾಟಾ ಅವರಿಗೂ ಕಳಿಸು ಅಂದೆ. ವಾಕ್-ಇನ್‌ಗೆ, ಅಂದರೆ ನೇರ ಸಂದರ್ಶನಕ್ಕೆ ಹೋಗುವಾಗ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಸಲು ದಾಖಲೆ, ಒಂದು ಸೆಟ್ ಜೆರಾಕ್ಸ್. ಇದು ಗೊತ್ತಿರುವ ವಿಷಯವೇ, ಆದರೂ ಮರೆತು ಬಾಗಿಲಿಂದ ವಾಪಸ್ ಬಂದವರನ್ನು ನೋಡಿದ್ದೇನೆ.

ಸಂದರ್ಶನದ ಅಭ್ಯಾಸ ಮೊದಲು ಕನ್ನಡದಲ್ಲೇ ಮಾಡಿಸಿದೆ. ವಿಷಯ ಸಲೀಸಾದ ಮೇಲೆ ಅದೇ ಉತ್ತರ ಇಂಗ್ಲಿಷಿನಲ್ಲಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ. ಪಿಸಿಆರ್ ಪ್ರಶ್ನೆಗೆ ಅವಳೇ ಉತ್ತರ ಕಟ್ಟಿದಳು: "ನೋಡಿದ್ದೇನೆ, ನಾನೇ ಮಾಡಿಲ್ಲ. ತತ್ವ ಗೊತ್ತು. ಸುಮಾರು 95 ಡಿಗ್ರಿಯಲ್ಲಿ ಡಿಎನ್‌ಎ ಎಳೆಗಳು ಬೇರೆಯಾಗುತ್ತವೆ, ಪ್ರೈಮರ್ ಅಂಟುವ ತಾಪಮಾನ ಆ ಪ್ರೈಮರನ್ನೇ ಅವಲಂಬಿಸಿದೆ, 72ರಲ್ಲಿ ಟ್ಯಾಕ್ ಕಿಣ್ವ ಹೊಸ ಎಳೆ ಕಟ್ಟುತ್ತದೆ." ಇಷ್ಟು ಹೇಳಿದವಳಿಗೆ ಸುಳ್ಳುಗಾತಿ ಅನ್ನುವವರು ಯಾರೂ ಇಲ್ಲ.

ಗುಣಮಟ್ಟ ವಿಭಾಗದವರು ಕೇಳುವುದು ಬೇರೆ ಬಗೆ. ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ ಅಂತ ಎಲ್ಲರೂ ಹೇಳುತ್ತಾರೆ. "ಒಳಗಿದ್ದದ್ದು ನಿಜಕ್ಕೂ ಕ್ರಿಮಿರಹಿತವಾಯಿತು ಅಂತ ಹೇಗೆ ಗೊತ್ತು?" ಅಂದರೆ ಸುಮ್ಮನಾಗುತ್ತಾರೆ. ಮೇಲೆ ಅಂಟಿಸಿದ ಸೂಚಕ ಟೇಪಿನ ಬಣ್ಣ ಬದಲಾದರೆ ಬಿಸಿ ತಗುಲಿದೆ ಅಂತ ಮಾತ್ರ ಅರ್ಥ. ಖಾತ್ರಿಗೆ ಬಿಸಿ ತಾಳುವ ಬ್ಯಾಕ್ಟೀರಿಯಾದ ಬೀಜಕ ಇಟ್ಟು, ಆಮೇಲೆ ಅದು ಬೆಳೆಯುತ್ತದೆಯೇ ನೋಡಬೇಕು. ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ಬಂಗುಡೆಯ ಹಿಸ್ಟಮಿನ್ ಇನ್ನೊಂದು ಪ್ರಶ್ನೆ. ಮೀನು ಹಿಡಿದ ಮೇಲೆ ಮಂಜುಗಡ್ಡೆ ತಡವಾದರೆ ಬ್ಯಾಕ್ಟೀರಿಯಾಗಳು ಮೀನಿನ ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಮಾಡುತ್ತವೆ, ಬೇಯಿಸಿದರೂ ಅದು ಹೋಗುವುದಿಲ್ಲ. ಕರಾವಳಿಯ ಹುಡುಗಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಬಂದರಿನಲ್ಲಿ ಐಸ್ ಹಾಕುವುದನ್ನು ನೋಡಿಯೇ ಬೆಳೆದವಳು.

ಮನೆಯಲ್ಲಿ ಅಪ್ಪನದು ಬಿ.ಎಡ್. ಮಾಡು ಅನ್ನುವ ಒತ್ತಾಯ. ಅವರ ಮಾತೂ ತಪ್ಪಲ್ಲ. ಒಂದು ವರ್ಷದ ಗಡುವು ಕೇಳು, ಆ ವರ್ಷ ಏನು ಮಾಡುತ್ತೀಯ ಅಂತ ಬರೆದೇ ತೋರಿಸು ಅಂದೆ. ಅಪ್ಪ ಒಪ್ಪಿದರು.

ಮುಂದೆ ಒಂದು ಯೋಜನೆಯ ವಾಕ್-ಇನ್‌ನಲ್ಲಿ ಅವಳ ಹೆಸರು ಕಾಯುವ ಪಟ್ಟಿಗೆ ಬಂತು, ಕೆಲಸ ಸಿಗಲಿಲ್ಲ. ಆಮೇಲೆ ಮೀನು ಸಂಸ್ಕರಣಾ ಘಟಕವೊಂದರ ಲ್ಯಾಬಿನಲ್ಲಿ ಟ್ರೈನಿಯಾಗಿ ಸೇರಿದಳು. ಸಂಬಳ ಕಡಿಮೆ. ಜೊತೆಗೆ ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾಳೆ. ಅದರಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ, ಅದೇ ಸೆಳೆತ. ಕಳೆದ ಸಲ ಬಂದಾಗ ಸಾಮಾನ್ಯ ಸಾಮರ್ಥ್ಯದ ಎ ಭಾಗವನ್ನು ಪೂರ್ತಿ ಬಿಟ್ಟುಬಿಟ್ಟಿದ್ದಳು, ಗಣಿತ ಬರುವುದಿಲ್ಲವಂತೆ. ಅಲ್ಲಿ 20ರಲ್ಲಿ 15 ಉತ್ತರಿಸಿದರೆ ಸಾಕು, ಒಟ್ಟು 200ರಲ್ಲಿ 30 ಅಂಕ ಅಲ್ಲೇ ಇದೆ. ದಿನಾ ಅರ್ಧ ಗಂಟೆ ಅದಕ್ಕೇ ಇಡು ಅಂತ ಹೇಳಿ ಕಳಿಸಿದ್ದೇನೆ.