ಮುದಿ ನಕ್ಷತ್ರದ ದೂಳನ್ನು ನೋಡಲು ಒಂದೇ ದೂರದರ್ಶಕ ಏಕೆ ಸಾಲದು?

ಜೇಮ್ಸ್ ವೆಬ್‌ನಂಥ ಅವಕೆಂಪು ದೂರದರ್ಶಕ ಬಾಹ್ಯಾಕಾಶದಲ್ಲಿರುವಾಗ, ಮುದಿ ನಕ್ಷತ್ರಗಳ ದೂಳನ್ನು ಅರಿಯಲು ನೆಲದ ಮೇಲೆ ಹಲವು ದೂರದರ್ಶಕಗಳನ್ನು ಜೋಡಿಸುವ ಕಷ್ಟವೇಕೆ ಎಂದು ಕೇಳಿದ್ದೀರಿ. ದೂಳು ಯಾವ ಬಗೆಯದು ಎಂದಷ್ಟೇ ತಿಳಿಯಬೇಕಿದ್ದರೆ ಒಂದು ದೂರದರ್ಶಕ ಸಾಕು. ಸಿಲಿಕೇಟ್ (ಸಿಲಿಕಾನ್, ಆಮ್ಲಜನಕ ಕೂಡಿದ ಖನಿಜ) ಕಣಗಳು 10 ಮೈಕ್ರೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ ತಾವಾಗಿಯೇ ಗುರುತು ಬಿಟ್ಟುಕೊಡುತ್ತವೆ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ: ಆ ದೂಳು ನಕ್ಷತ್ರದಿಂದ ಎಷ್ಟು ದೂರದಲ್ಲಿ ಹುಟ್ಟುತ್ತದೆ?

ಇಲ್ಲಿ ಒಂಟಿ ಕನ್ನಡಿ ಸೋಲುತ್ತದೆ. ಆರ್ದ್ರಾದಂಥ ದೈತ್ಯ ನಕ್ಷತ್ರವೂ ನಮ್ಮ ಆಕಾಶದಲ್ಲಿ ಸುಮಾರು 45 ಮಿಲಿ ಆರ್ಕ್‌ಸೆಕೆಂಡ್ ಅಗಲವಷ್ಟೇ (ಒಂದು ಡಿಗ್ರಿ ಕೋನದ 36 ಲಕ್ಷದಲ್ಲೊಂದು ಪಾಲು ಒಂದು ಮಿಲಿ ಆರ್ಕ್‌ಸೆಕೆಂಡ್). ವೆಬ್‌ನ 6.5 ಮೀಟರ್ ಕನ್ನಡಿ 10 ಮೈಕ್ರೊಮೀಟರ್‌ನಲ್ಲಿ 300 ಮಿಲಿ ಆರ್ಕ್‌ಸೆಕೆಂಡ್‌ಗಿಂತ ಕಿರಿದಾದ ವಿವರವನ್ನು ಬಿಡಿಸಿ ತೋರಿಸಲಾರದು. ಚಿಲಿಯ ಪರನಾಲ್ ಬೆಟ್ಟದ ಮೇಲೆ 130 ಮೀಟರ್ ಅಂತರದಲ್ಲಿರುವ ಎರಡು ದೂರದರ್ಶಕಗಳ ಬೆಳಕನ್ನು ಕೂಡಿಸಿದರೆ ಆ ಮಿತಿ ಸುಮಾರು 16ಕ್ಕೆ ಇಳಿಯುತ್ತದೆ. ಕೂಡಿಸುವ ಕೆಲಸವಂತೂ ಬೆರಗು ಹುಟ್ಟಿಸುತ್ತದೆ. ಭೂಮಿ ತಿರುಗುತ್ತಿದ್ದಂತೆ ಎರಡೂ ಕಡೆಯ ಬೆಳಕಿನ ದಾರಿಯ ಉದ್ದ ಬದಲಾಗುತ್ತಲೇ ಇರುತ್ತದೆ; ಅದನ್ನು ಸರಿದೂಗಿಸಲು ನೆಲದಡಿಯ ಸುರಂಗದಲ್ಲಿ, ಹಳಿಗಳ ಮೇಲೆ, ಕನ್ನಡಿ ಹೊತ್ತ ಗಾಡಿಗಳು ರಾತ್ರಿಯಿಡೀ ಚಲಿಸುತ್ತವೆ. ಕೊನೆಗೆ ನೇರವಾಗಿ ಸಿಗುವುದು ಚಿತ್ರವಲ್ಲ, ವ್ಯತಿಕರಣ ಪಟ್ಟೆಗಳು, ಅಂದರೆ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದಾಗ ಮೂಡುವ ಬೆಳಕು-ಕತ್ತಲೆಯ ಗೆರೆಗಳು. ಪಟ್ಟೆಗಳು ಎಷ್ಟು ಮಸುಕಾಗಿವೆ ಎಂಬುದರಿಂದ ದೂಳಿನ ಹರವನ್ನು ಲೆಕ್ಕಹಾಕಬೇಕು. 2018ರಿಂದ ಅಲ್ಲಿರುವ ಮ್ಯಾಟಿಸ್ ಉಪಕರಣ ನಾಲ್ಕು ದೂರದರ್ಶಕಗಳ ಬೆಳಕನ್ನು ಹೀಗೆ ಬೆರೆಸುತ್ತದೆ.

ದೂರಕ್ಕೆ ಇಷ್ಟು ಮಹತ್ವವೇಕೆಂದರೆ, ನಕ್ಷತ್ರ ತನ್ನ ಹೊರಪದರವನ್ನು ಕಳೆದುಕೊಳ್ಳುವ ಬಗೆ ಅದರಲ್ಲೇ ಅಡಗಿದೆ. ಬೆಳಕು ದೂಳನ್ನು ತಳ್ಳುತ್ತದೆ, ದೂಳು ಅನಿಲವನ್ನು ಎಳೆದೊಯ್ಯುತ್ತದೆ ಎಂಬುದು ಹಳೆಯ ವಿವರಣೆ. ಆದರೆ ಕಬ್ಬಿಣ ಬೆರೆತ ಸಿಲಿಕೇಟ್ ಬೆಳಕನ್ನು ಹೀರಿ ಬಿಸಿಯಾಗುವುದರಿಂದ ನಕ್ಷತ್ರದ ಸಮೀಪ ಉಳಿಯಲಾರದು. ಕಬ್ಬಿಣವಿಲ್ಲದ್ದು ಉಳಿಯುತ್ತದೆ, ಆದರೆ ಪಾರದರ್ಶಕವಾದ್ದರಿಂದ ಬೆಳಕು ಅದನ್ನು ಹಾದುಹೋಗುತ್ತದೆ. ಹಾಗಾದರೆ ತಳ್ಳುವುದು ಹೇಗೆ? ಕಣಗಳು ಸಾಕಷ್ಟು ದೊಡ್ಡದಾಗಿದ್ದರೆ ಬೆಳಕನ್ನು ಹೀರದೆ ಚದುರಿಸಿಯೇ ಆ ನೂಕನ್ನು ಪಡೆಯಬಲ್ಲವು. 2012ರಲ್ಲಿ ಡಬ್ಲ್ಯು ಹೈಡ್ರೆ ಮುಂತಾದ ನಕ್ಷತ್ರಗಳ ತೀರಾ ಹತ್ತಿರದಲ್ಲೇ ಸುಮಾರು 300 ನ್ಯಾನೊಮೀಟರ್ ತ್ರಿಜ್ಯದ ಕಣಗಳು ಪತ್ತೆಯಾದವು. (ಆ ಅವಲೋಕನಕ್ಕೆ ಬಳಸಿದ್ದು ಒಂದೇ ದೂರದರ್ಶಕ, ರಂಧ್ರಗಳಿರುವ ಫಲಕವನ್ನು ಬೆಳಕಿನ ದಾರಿಗೆ ಅಡ್ಡವಿಟ್ಟು, ಒಂದೇ ಕನ್ನಡಿಯನ್ನು ಪುಟ್ಟ ಕನ್ನಡಿಗಳ ಸಮೂಹವಾಗಿಸಿದ್ದರು. ಬೆಳಕು ಬೆರೆಸಿ ಪಟ್ಟೆ ಪಡೆಯುವ ವಿಧಾನ ಮಾತ್ರ ಇದೇ.)

ಈ ವಿಧಾನದ ಶಕ್ತಿ ನೋಡಬೇಕೆಂದರೆ ಇಂಥ ಪಟ್ಟೆಗಳಿಂದಲೇ ಲೆಕ್ಕಹಾಕಿ ಕಟ್ಟಿದ, 2024ರಲ್ಲಿ ಪ್ರಕಟವಾದ ಡಬ್ಲ್ಯುಓಎಚ್ ಜಿ64 ನಕ್ಷತ್ರದ ಚಿತ್ರವನ್ನು ಹುಡುಕಿ ನೋಡಿ. ಅದು ನಮ್ಮ ಗ್ಯಾಲಕ್ಸಿಯದ್ದೇ ಅಲ್ಲ, 1,60,000 ಜ್ಯೋತಿರ್ವರ್ಷ ದೂರದ ನೆರೆಯ ಪುಟ್ಟ ಗ್ಯಾಲಕ್ಸಿಯಾದ ದೊಡ್ಡ ಮೆಗಲನಿಕ್ ಮೋಡದ್ದು. ಸುತ್ತಲಿನ ದೂಳಿನ ಗೂಡು ಮೊಟ್ಟೆಯಾಕಾರದಲ್ಲಿದೆ. ಕಳೆದ ದಶಕದಲ್ಲಿ ಅದು ಮಂಕಾಗಿರುವುದಕ್ಕೆ ಹೊಸದಾಗಿ ಹೊಮ್ಮಿದ ಅನಿಲ, ದೂಳು ಕಾರಣವಿರಬಹುದೆಂದು ಸಂಶೋಧಕರು ಹೇಳುತ್ತಾರೆ.